ಎರಡು ಪಟ್ಟಿಗಳ ನಡುವಿನ ಪಾಠ

ನೈಸರ್ಗಿಕ ಸಂಪನ್ಮೂಲಗಳ ಪಾಠ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ಕೋಷ್ಟಕದಿಂದ ಆರಂಭವಾಗಿ ಅದರಲ್ಲೇ ಮುಗಿಯುತ್ತದೆ. ಎಡಗಡೆ ನವೀಕರಿಸಬಹುದಾದವು: ಬಿಸಿಲು, ಗಾಳಿ, ನೀರು, ಕಾಡು. ಬಲಗಡೆ ನವೀಕರಿಸಲಾಗದವು: ಕಲ್ಲಿದ್ದಲು, ಪೆಟ್ರೋಲಿಯಂ, ಖನಿಜಗಳು. ಎಂ.ಸಿ. ಮೆಹತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು 1991ರಲ್ಲೇ ಹೇಳಿತು. ಪಾಠ ಬಂದಿತು, ಆದರೆ ಬಾಯಿಪಾಠವಾಗಿ ಬಂದಿತು. 'ನೀರು' ಎಂದು ಎಡಗಡೆ ಬರೆದ ಮಗು ಪೂರ್ಣಾಂಕ ಪಡೆಯುತ್ತದೆ. ಯಾವ ನೀರು ಎಂದು ಅದನ್ನು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ಮಲೆನಾಡಿನ ಮಳೆ ಇಳಿದುಹೋಗುವ ದಾರಿಯನ್ನೇ ಹಿಡಿಯಬಹುದು. ಹೇಮಾವತಿ ಕೆ.ಆರ್. ಪೇಟೆಯನ್ನು ಹಾದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಶ್ರೀರಂಗಪಟ್ಟಣದಲ್ಲಿ ಕಟ್ಟೆಗಿಂತ ಹಳೆಯದಾದ ಚಿಕ್ಕದೇವರಾಯ ಸಾಗರ, ವಿರಿಜಾ ನಾಲೆಗಳಿವೆ. ಅಲ್ಲಿನ ಗದ್ದೆಗಳ ನೀರು ಮುಂಗಾರು ಕೈಕೊಡದಿದ್ದರೆ ವರ್ಷವರ್ಷವೂ ಹೊಸದಾಗಿ ಬರುತ್ತದೆ. ನಾಗಮಂಗಲದ ಬಹುಪಾಲು ಹೊಲಗಳಿಗೆ ಆ ಭಾಗ್ಯವಿಲ್ಲ. ಅದು ರಾಗಿ, ಹುರುಳಿ, ತೆಂಗಿನ ನಾಡು; ಅಡಿಯಲ್ಲಿರುವುದು ಗಟ್ಟಿ ಶಿಲೆ. ಶಿಲೆಯ ಮೇಲಿನ ಶಿಥಿಲ ಪದರ ಮಳೆನೀರನ್ನು ಹೀರಿ ಹಿಡಿದಿಡುತ್ತದೆ. ಹಳೆಯ ತೆರೆದ ಬಾವಿಗಳು ಬಳಸುತ್ತಿದ್ದುದು ಈ ನೀರನ್ನು. ಒಳ್ಳೆಯ ಮಳೆಗಾಲವೊಂದು ಬಂದರೆ ಅವು ಮತ್ತೆ ತುಂಬುತ್ತಿದ್ದವು. ನೂರಾರು ಅಡಿ ಇಳಿಯುವ ಕೊಳವೆಬಾವಿ ತೆಗೆಯುವುದಾದರೋ ಶಿಲೆಯ ಬಿರುಕುಗಳಲ್ಲಿ ಬಹುಕಾಲ ತೊಟ್ಟುತೊಟ್ಟಾಗಿ ಕೂಡಿದ ನೀರನ್ನು. ಒಂದೇ ಹೊಲದಲ್ಲಿ, ಒಂದೇ ಹೆಸರಿನ ವಸ್ತು ಮೇಲಿದ್ದಾಗ ಎಡಪಟ್ಟಿಗೂ ಆಳದಲ್ಲಿದ್ದಾಗ ಬಹುಮಟ್ಟಿಗೆ ಬಲಪಟ್ಟಿಗೂ ಸೇರುತ್ತದೆ. ತುಂಬುವ ವೇಗ ಎಷ್ಟು, ತೆಗೆಯುವ ವೇಗ ಎಷ್ಟು ಎಂಬ ಲೆಕ್ಕವೇ ಇಲ್ಲಿ ನಿಜವಾದ ಪಾಠ. ಹೊಳೆಯ ಮರಳಿಗೂ ಹೊಲದ ಮೇಲ್ಮಣ್ಣಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಬಲಪಟ್ಟಿಯ ಪಾಠಕ್ಕೆ ಪಾಂಡವಪುರದ ಬೇಬಿ ಬೆಟ್ಟವಿದೆ. ಕಲ್ಲುಗಣಿಗಾರಿಕೆಯ ಸ್ಫೋಟಗಳಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಿದೆಯೇ ಎಂಬ ವಿವಾದ 2018ರಲ್ಲಿ ಕೇಳಿಬಂದ ಭಾರೀ ಶಬ್ದದ ನಂತರ ತೀವ್ರವಾಯಿತು. ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿ.ಮೀ. ಸುತ್ತಳತೆಯಲ್ಲಿ ಗಣಿಗಾರಿಕೆ ನಡೆಯಕೂಡದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತು. ಪತ್ರಿಕೆಗಳು ಕಟ್ಟೆಯ ಬಗ್ಗೆ ಬರೆದವು. ಬೆಟ್ಟದ ಬಗ್ಗೆ ಬರೆದದ್ದು ಕಡಿಮೆ. ಕಟ್ಟೆ ಒಂದು ವೇಳೆ ಬಿರುಕು ಬಿಟ್ಟರೆ ದುರಸ್ತಿ ಮಾಡಬಹುದು, ಜಲ್ಲಿಯಾದ ಬೆಟ್ಟವನ್ನು ಮರಳಿ ನಿಲ್ಲಿಸಲಾಗದು.

ಹಾಗೆಂದು ಕಲ್ಲನ್ನು ಮುಟ್ಟಲೇಬಾರದೆಂದು ಬೋಧಿಸುವುದು ಪ್ರಾಮಾಣಿಕತೆಯಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯೇ ಕಲ್ಲು ಮತ್ತು ಸುರ್ಕಿ ಗಾರೆಯಿಂದ ಎದ್ದದ್ದು. ಕ್ರಷರಿನ ಕೂಲಿಯಿಂದ ಒಲೆ ಉರಿಯುವ ಮನೆಯ ಮಗುವೂ ಅದೇ ತರಗತಿಯಲ್ಲಿ ಕುಳಿತಿರುತ್ತದೆ. ಆ ಮಗುವಿನ ಎದುರು ತಂದೆಯ ದುಡಿಮೆಯನ್ನು ಪಾಪವೆಂದು ಹೇಳುವ ಶಿಕ್ಷಕ ಪರಿಸರಕ್ಕೆ ಒಬ್ಬ ಶತ್ರುವನ್ನು ಸಂಪಾದಿಸಿಕೊಡುತ್ತಾನೆ. ಎಷ್ಟು ಕಲ್ಲು, ಯಾವ ಕೆಲಸಕ್ಕೆ, ಎಷ್ಟು ಕಾಲ ಬಾಳುವುದಕ್ಕೆ ಎಂದು ಕೇಳಲು ಕಲಿಸಿದರೆ ಸಾಕು.

ಎರಡು ಪಟ್ಟಿಗಳು ಒಂದನ್ನೊಂದು ನೆಚ್ಚಿಕೊಂಡಿವೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂದು ಪ್ರಾಥಮಿಕ ಸಮೀಕ್ಷೆಯ ಆಧಾರದ ಮೇಲೆ 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಬಿಸಿಲು ಮುಗಿಯದ ಸಂಪತ್ತು ನಿಜ, ಆದರೆ ಅದರ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಬ್ಯಾಟರಿಗೆ ಬೇಕಾದ ಲೋಹ ಮುಗಿಯುವಂಥದು. ಇದಕ್ಕಿಂತ ಹಿತವಾದ ಪಾಠ ಊರಿನ ಆಲೆಮನೆಯಲ್ಲಿದೆ: ಕಬ್ಬಿನ ರಸವನ್ನು ಕಾಯಿಸುವುದು ಅದೇ ಕಬ್ಬಿನ ರಚ್ಚು. ಆ ಕಬ್ಬು ಕುಡಿದ ನೀರಿನ ಲೆಕ್ಕವನ್ನೂ ಮಕ್ಕಳು ಕೇಳಿಯಾರು, ಕೇಳಲಿ.

ಇದಕ್ಕೆ ಹೊಸ ಪುಸ್ತಕ ಬೇಕಿಲ್ಲ. ನಾಲ್ಕೂ ತಾಲ್ಲೂಕುಗಳ ಶಾಲೆಗಳು ಹತ್ತಿರದ ಒಂದೊಂದು ತೆರೆದ ಬಾವಿಯನ್ನು ಆರಿಸಿಕೊಂಡು, ಏಪ್ರಿಲ್ ರಜೆಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಹಿರಿಯರ ಜೊತೆಯಲ್ಲಿ ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯಲಿ. ಅಳತೆಯನ್ನು ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ತರಗತಿಗೆ ಒಪ್ಪಿಸಲಿ. ಮಲೆನಾಡಿನ ಶಾಲೆಗಳೂ ಇದನ್ನು ಈ ವರ್ಷವೇ ಆರಂಭಿಸಬಹುದು.