ಕೆಸರಿನ ಹಾದಿಯಲ್ಲಿ ಚಿಕ್ಕ ಮೋಟಾರು

ಯಲ್ದೂರಿನ ಸೀಮೆಯಲ್ಲಿ ಹಿಮವು ಬೀಳುವುದಿಲ್ಲ. ಆದರೆ ಹಿಂಗಾರು ಮಳೆಯಲ್ಲಿ ನೆನೆದ ಕೆರೆಯೇರಿಯ ಮಣ್ಣುದಾರಿಯು ಹಿಮದಂತೆಯೇ ಜಾರುವುದು. 1983ರಲ್ಲಿ ಹೊರಬಂದ ಮಾರುತಿ 800ರಂತಹ ಚಿಕ್ಕ ಬಂಡಿಗಳನ್ನು ಮುಂದಿನ ಚಕ್ರಗಳೇ ಎಳೆಯುವುವು. ಯಂತ್ರದ ಭಾರವೂ ಅವುಗಳ ಮೇಲೆಯೇ ಇರುವುದರಿಂದ ಕೆಸರಿನಲ್ಲಿ ಹಿಡಿತವು ಚೆನ್ನಾಗಿರುವುದು. ಆದರೆ ದಿಕ್ಕನ್ನು ತಿರುಗಿಸುವ ಚಕ್ರಗಳೂ ಅವೇ. ಅವು ಜಾರಿದರೆ ಬಂಡಿಯು ತಿರುವನ್ನು ಲೆಕ್ಕಿಸದೆ ನೇರವಾಗಿ ಹೋಗುವುದು. ಏರಿಯ ಮೇಲಾದರೆ ಕೆರೆಗೇ ಇಳಿಯುವುದು. ಆಗ ಬ್ರೇಕನ್ನು ಬಲವಾಗಿ ಮೆಟ್ಟದೆ, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ಸ್ಟಿಯರಿಂಗನ್ನು ತುಸು ಸಡಿಲಿಸಿ, ಹಿಡಿತವು ಮರಳಿದ ಮೇಲೆ ತಿರುಗಿಸಬೇಕು. ಕೆಸರಿನಲ್ಲಿ ಹೊರಡುವಾಗ ಎರಡನೆಯ ಗೇರೇ ಮೇಲು. ಮಕ್ಕಳು ಜೊತೆಗಿರುವಾಗ ಮಳೆಯು ಬಲವಾದರೆ, ಸುತ್ತಾದರೂ ಡಾಂಬರು ರಸ್ತೆಯನ್ನೇ ಹಿಡಿಯಬೇಕೆಂದು ಗೃಹಸ್ಥರಲ್ಲಿ ನಾವು ಬಿನ್ನವಿಸುತ್ತೇವೆ.