ಹಂಸ ಆಗದೇ ಇದ್ದಿದ್ದರೆ, ತಾತ?

ಮಕ್ಕಳೇ, ಈ ವಾರದ ಮಾತು ನನ್ನ ಮೊಮ್ಮಗಳ ನೀರಿನ ಬಾಟಲಿಯಿಂದ ಶುರುವಾಗುತ್ತದೆ.

ಅವಳಿಗೆ ಎಂಟು ವರ್ಷ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಅವಳಪ್ಪನಿಗೆ ಮೈಸೂರಿಗೆ ವರ್ಗವಾಗಿ, ಈ ಜೂನ್‌ನಲ್ಲಿ ಇಲ್ಲಿಯ ಶಾಲೆಗೆ ಸೇರಿದಳು. ಮೊದಲ ವಾರ ಸಂಜೆ ಬ್ಯಾಗು ಬಿಚ್ಚಿದರೆ ಬಾಟಲಿ ಬೆಳಿಗ್ಗೆ ತುಂಬಿಸಿದ ಹಾಗೇ ಇರುತ್ತಿತ್ತು. ಗದರಿದ್ದಾಯಿತು, ಮುದ್ದು ಮಾಡಿದ್ದಾಯಿತು, ಕಾರಣ ಹೊರಬರಲಿಲ್ಲ. ನಾಲ್ಕನೇ ದಿನ ತಾನಾಗಿಯೇ ಹೇಳಿದಳು. ಆಟದ ಬಿಡುವಿನಲ್ಲಿ ಬಾಯಿತಪ್ಪಿ ‘ನಂಗೆ ಪಾಣಿ ಬೇಕು’ ಅಂದಿದ್ದಳಂತೆ. ಅಂದಿನಿಂದ ಅವಳ ಹೆಸರು ‘ಪಾನಿಪೂರಿ’. ಬಾಟಲಿ ಕೈಗೆತ್ತಿಕೊಂಡರೆ ಸಾಕು, ಹಿಂದಿನ ಬೆಂಚಿನಿಂದ ಕಿಸಿಕಿಸಿ ನಗು.

ಆ ರಾತ್ರಿ ಅವಳಿಗೆ ಕುರೂಪಿ ಬಾತುಮರಿಯ ಕಥೆ ಹೇಳಿದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಕಥೆ. ನಿಮಗೂ ಗೊತ್ತಿರುತ್ತದೆ. ಎಲ್ಲರಿಂದ ಕುಕ್ಕಿಸಿಕೊಂಡು ಊರು ಬಿಟ್ಟ ಮರಿ, ಚಳಿಗಾಲ ಕಳೆದ ಮೇಲೆ ಕೊಳದ ನೀರಿನಲ್ಲಿ ತನ್ನ ಬಿಂಬ ನೋಡಿಕೊಂಡರೆ, ಅದು ಬಾತುವೇ ಅಲ್ಲ, ಹಂಸ! ಕಥೆ ಮುಗಿಸಿ ಅವಳ ಮುಖ ನೋಡಿದೆ. ಅವಳು ನಗಲಿಲ್ಲ.

“ತಾತ, ಅದು ಹಂಸ ಆಗದೇ ಇದ್ದಿದ್ದರೆ? ಆಗ ಯಾರೂ ಸೇರಿಸಿಕೊಳ್ತಾನೇ ಇರ್ಲಿಲ್ವಾ?”

ನಾನು ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ತಾಳೆ ನೋಡಿದವನು. ಈ ಲೆಕ್ಕ ಮಾತ್ರ ತಾಳೆಯಾಗಲಿಲ್ಲ.

ಬೆಳಿಗ್ಗೆ ಎದ್ದು ಕಥೆಯನ್ನು ಇನ್ನೊಮ್ಮೆ ಓದಿದೆ. ಮೊದಲು ಗಮನಿಸದಿದ್ದ ಒಂದು ಭಾಗ ಕಣ್ಣಿಗೆ ಬಿತ್ತು. ಬಾತುಮರಿ ಒಬ್ಬ ಅಜ್ಜಿಯ ಗುಡಿಸಲಿಗೆ ಹೋಗುತ್ತದೆ. ಅಲ್ಲಿ ಒಂದು ಕೋಳಿ, ಒಂದು ಬೆಕ್ಕು. ನಿನಗೆ ಮೊಟ್ಟೆ ಇಡಲು ಬರುತ್ತದಾ ಎಂದು ಕೋಳಿ ಕೇಳುತ್ತದೆ. ಬೆನ್ನು ಬಾಗಿಸಿ ಗುರುಗುರು ಅನ್ನಲು ಬರುತ್ತದಾ ಎಂದು ಬೆಕ್ಕು ಕೇಳುತ್ತದೆ. ಎರಡೂ ಬರದು ಅಂದ ಮೇಲೆ ಅದರ ಮಾತಿಗೆ ಬೆಲೆಯೇ ಇಲ್ಲ. ತನಗೆ ಈಜುವುದು ಎಷ್ಟು ಇಷ್ಟ ಎಂದು ಮರಿ ಹೇಳಿದರೆ ಕೋಳಿಗೆ ಅದು ಹುಚ್ಚಾಗಿ ಕಾಣುತ್ತದೆ. ಹೊಸದಾಗಿ ಬಂದ ಮಗುವಿಗೆ ನಾವು ದೊಡ್ಡವರು ಕೇಳುವುದೂ ಇಂಥದ್ದೇ ಅಲ್ಲವೇ? ಮಾರ್ಕ್ಸ್ ಎಷ್ಟು? ಕನ್ನಡ ಬರುತ್ತಾ? ನಮಗೆ ಬರುವುದು ಅದಕ್ಕೂ ಬರುತ್ತದಾ ಎಂದು ನೋಡುತ್ತೇವೆ. ಅದಕ್ಕೇ ಬರುವುದು ಏನೆಂದು ಕೇಳುವುದಿಲ್ಲ.

ಆಂಡರ್ಸನ್‌ಗೆ ಈ ನೋವು ಗೊತ್ತಿತ್ತು. ಅವನು ಓಡೆನ್ಸ ಎಂಬ ಊರಿನಲ್ಲಿ ಬೂಟು ಹೊಲಿಯುವ ಬಡವನ ಮಗ. 14ನೇ ವಯಸ್ಸಿನಲ್ಲಿ ಒಬ್ಬನೇ ಕೋಪನ್‌ಹೇಗನ್‌ಗೆ ಹೋಗಿ, ನಾಟಕಶಾಲೆಯಲ್ಲಿ ಜಾಗ ಕೇಳಿಕೊಂಡು ಅಲೆದವನು.

ನಮ್ಮ ಪಂಚತಂತ್ರದಲ್ಲೂ ಒಂದು ಕಥೆ ಇದೆ. ಸಿಂಹಿಣಿಯೊಂದು ನರಿಮರಿಯನ್ನು ತನ್ನ ಎರಡು ಮರಿಗಳ ಜೊತೆ ಹಾಲು ಕುಡಿಸಿ ಸಾಕುತ್ತದೆ. ಒಂದು ದಿನ ಆನೆ ಎದುರಾದಾಗ ಸಿಂಹದ ಮರಿಗಳು ನುಗ್ಗಹೊರಟರೆ ನರಿಮರಿ ಮನೆಗೆ ಓಡುತ್ತದೆ. ಸಿಂಹಿಣಿ ಅದನ್ನು ಪಕ್ಕಕ್ಕೆ ಕರೆದು, ನೀನು ಹುಟ್ಟಿದ ಕುಲದಲ್ಲಿ ಆನೆ ಕೊಲ್ಲುವವರಿಲ್ಲ ಮಗು, ಇವರಿಗೆ ತಿಳಿಯುವ ಮೊದಲೇ ನಿನ್ನವರನ್ನು ಸೇರಿಕೋ ಎಂದು ಕಳುಹಿಸಿಬಿಡುತ್ತದೆ. ಚಿಕ್ಕಂದಿನಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಈಗ ಓದಿದಾಗ ಆ ನರಿಮರಿ ಕಾಡಿನ ದಾರಿಯಲ್ಲಿ ಒಂಟಿಯಾಗಿ ಹೋದದ್ದೇ ಕಣ್ಣಮುಂದೆ ಬಂತು.

ಎರಡು ಕಥೆಗಳೂ ಹೇಳುವುದು ಒಂದನ್ನೇ: ನಿನ್ನ ಜಾತಿಯವರು ಸಿಕ್ಕಿದರೆ ನಿನಗೆ ನೆಲೆ. ನನ್ನ ಮೊಮ್ಮಗಳ ಪ್ರಶ್ನೆಗೆ ಇದು ಉತ್ತರವಲ್ಲ.

ಉತ್ತರ ಸಿಕ್ಕಿದ್ದು ಒಂದು ಕರಡಿಯ ಕಥೆಯಲ್ಲಿ. ಇಂಗ್ಲೆಂಡಿನ ಮೈಕೇಲ್ ಬಾಂಡ್ 1956ರ ಕ್ರಿಸ್‌ಮಸ್ ಹಿಂದಿನ ದಿನ, ಅಂಗಡಿಯ ಕಪಾಟಿನಲ್ಲಿ ಒಂಟಿಯಾಗಿ ಉಳಿದಿದ್ದ ಗೊಂಬೆ ಕರಡಿಯನ್ನು ಹೆಂಡತಿಗೆಂದು ಕೊಂಡು ತಂದರು. ಆ ಗೊಂಬೆಯೇ 1958ರಲ್ಲಿ ಪುಸ್ತಕದ ಪ್ಯಾಡಿಂಗ್ಟನ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬಿನ ಭಯಕ್ಕೆ ಲಂಡನ್ನಿನ ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗಳಿಗೆ ಕಳುಹಿಸುತ್ತಿದ್ದರು. ಕೊರಳಲ್ಲಿ ಚೀಟಿ, ಕೈಯಲ್ಲಿ ಪುಟ್ಟ ಪೆಟ್ಟಿಗೆ. ಬಾಂಡ್ ಅಂಥ ಮಕ್ಕಳನ್ನು ಕಂಡಿದ್ದರು. ಪೆರು ದೇಶದಿಂದ ಬಂದ ಅವರ ಕರಡಿಯ ಕೊರಳಲ್ಲೂ ಚೀಟಿ ಇದೆ, ಕೈಯಲ್ಲೂ ಪೆಟ್ಟಿಗೆ ಇದೆ. ರೈಲು ನಿಲ್ದಾಣದಲ್ಲಿ ಅದನ್ನು ಕಂಡ ಬ್ರೌನ್ ಕುಟುಂಬದವರು ಮನೆಗೆ ಕರೆದೊಯ್ಯುತ್ತಾರೆ. ಅದರ ಊರಿನ ಹೆಸರು ಯಾರಿಗೂ ಅರ್ಥವಾಗದೆಂದು ನಿಲ್ದಾಣದ ಹೆಸರನ್ನೇ ಇಡುತ್ತಾರೆ. ಇಲ್ಲೂ ಹೊಸ ಹೆಸರೇ, ಆದರೆ ಕರೆದು ಕೂರಿಸಲು ಇಟ್ಟ ಹೆಸರು. ಮೊದಲ ದಿನವೇ ಕರಡಿ ಸ್ನಾನದ ಮನೆಯ ತುಂಬ ನೀರು ಹರಿಸುತ್ತದೆ. ಯಾರೂ ಹೊರಗೆ ಹಾಕುವುದಿಲ್ಲ. ಅದು ಹಂಸವಾಗುವುದಿಲ್ಲ, ಮನುಷ್ಯನೂ ಆಗುವುದಿಲ್ಲ. ಕೊನೆಯವರೆಗೂ ಕರಡಿಯೇ. ಮನೆಯವರು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ, ಅಷ್ಟೇ.

ನನಗೂ ಹೀಗೇ ಒಮ್ಮೆ ಜಾಗ ಸಿಕ್ಕಿತ್ತು. 1977ರಲ್ಲಿ ರಾಯಚೂರು ಜಿಲ್ಲೆಯ ಒಂದು ಶಾಖೆಗೆ ವರ್ಗವಾಗಿ ಹೋದಾಗ ನನ್ನ ಮೈಸೂರು ಕಡೆಯ ‘ಕಣ್ರೀ’ ಕೇಳಿ ಕೆಲವರು ಅಣಕಿಸುತ್ತಿದ್ದರು. ಮಧ್ಯಾಹ್ನ ಒಬ್ಬನೇ ಕೌಂಟರಿನ ಹಿಂದೆ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಒಂದು ದಿನ ದಫ್ತರಿ ತನ್ನ ಬುತ್ತಿಯ ಬಟ್ಟೆ ಹಾಸಿ, “ಬರ್ರಿ ಸರ, ಇಲ್ಲೇ ಕೂಡ್ರಿ” ಅಂದರು. ಜೋಳದ ರೊಟ್ಟಿ ಸರಿಯಾಗಿ ಮುರಿಯಲು ನಾನು ಕಲಿತದ್ದು ಆಮೇಲೆ. ಜಾಗ ಸಿಕ್ಕಿದ್ದು ಮೊದಲು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. “ಹಂಸ ಆಗದಿದ್ದರೂ ಪರವಾಗಿಲ್ಲ ಪುಟ್ಟಿ, ಒಬ್ಬರು ಸರಿದು ಕೂತರೆ ಸಾಕು.”

“ಯಾರೂ ಸರಿಯದಿದ್ದರೆ?”

ಮಕ್ಕಳೇ, ಇದಕ್ಕೆ ನಾನು ಉತ್ತರ ಕೊಡಲಾರೆ. ಬೆಂಚಿನ ಮೇಲೆ ಕೂತಿರುವವರು ನೀವು.

ಕಳೆದ ಸೋಮವಾರ ಬಾಟಲಿ ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿ ಕೂರುವ ಹುಡುಗಿ, ಮರಾಠಿಯಲ್ಲಿ ಬೆಕ್ಕಿಗೆ ಏನಂತಾರೆ ಎಂದು ಕೇಳಿದಳಂತೆ. ಈಗ ಇಬ್ಬರೂ ಸೇರಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪ್ರಾಣಿಗಳ ಹೆಸರು ಎರಡೂ ಭಾಷೆಯಲ್ಲಿ ಪಟ್ಟಿ ಮಾಡುತ್ತಿದ್ದಾರೆ. ಬಾತುಕೋಳಿಗೆ ‘ಬದಕ’ ಅನ್ನುತ್ತಾರೆಂದು ನನಗೂ ಈಗಲೇ ಗೊತ್ತಾದದ್ದು.