ಸಂಬಳದ ತಾರೀಖು, ರಾತ್ರಿಯ ನಿದ್ದೆ



ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಆ ವಾರ ದೊಡ್ಡ ಕಂಪನಿಗಳಲ್ಲಿ ಎಚ್‌ಆರ್‌ನವರು ಒಂದು ಪೋಸ್ಟರ್ ಅಂಟಿಸ್ತಾರೆ, ಒಂದು ಇಮೇಲ್ ಕಳಿಸ್ತಾರೆ. ಕ್ಯಾಂಪಿನಲ್ಲಿರುವ ನಮ್ಮ ಹುಡುಗರಿಗೆ ಕಂಪನಿ ಇಮೇಲೇ ಇಲ್ಲ. ಎಗೈಲಾದ ಮಾಲ್‌ಗಳಲ್ಲಿ ರಾತ್ರಿವರೆಗೆ ನಿಂತೇ ಕೆಲಸ ಮಾಡುವವರಿಗೆ ಪೋಸ್ಟರ್ ಓದೋಕೆ ಪುರುಸೊತ್ತಿಲ್ಲ. ಹಾಗಾದರೆ ಇವರ ಮನಸ್ಸು ಚೆನ್ನಾಗಿರೋದಕ್ಕೆ ಕಂಪನಿ ಏನು ಮಾಡಬಹುದು?

ಲೆಕ್ಕ ಬರೆಯುವವನಾಗಿ ನನ್ನ ಉತ್ತರ ಇಷ್ಟೇ. ಮೊದಲು ಅನಿಶ್ಚಿತತೆ ಕಡಿಮೆ ಮಾಡಲಿ. ಸಂಬಳ ಯಾವತ್ತು, ರಜೆ ಯಾವಾಗ, ಕೊನೆಗೆ ಕೈಗೆ ಎಷ್ಟು ಸಿಗುತ್ತೆ – ಇದು ಗೊತ್ತಿಲ್ಲದವನು ಹಾಸಿಗೆಯಲ್ಲಿ ಹೊರಳಾಡ್ತಾ ಅದನ್ನೇ ಕೂಡಿ ಕಳೆಯುತ್ತಿರುತ್ತಾನೆ.

ಸಂಬಳವನ್ನೇ ನೋಡಿ. ನಾಲ್ಕು ದಿನ ತಡವಾದರೆ ಕಂಪನಿ ಪುಸ್ತಕದಲ್ಲಿ ಅದು ದೊಡ್ಡ ವಿಷಯವಲ್ಲ. ಊರಲ್ಲಿ ಸೊಸೈಟಿ ಸಾಲದ ಕಂತು, ಮಗಳ ಫೀಸು, ಅಮ್ಮನ ಮಾತ್ರೆ ಎಲ್ಲ ತಾರೀಖಿಗೆ ಸರಿಯಾಗಿ ಬರುತ್ತವೆ. ತಿಂಗಳ ಸಂಬಳದವರಿಗೆ ತಿಂಗಳಿಗೆ ಒಮ್ಮೆಯಾದರೂ ಸಂಬಳ ಕೊಡಲೇಬೇಕು ಅಂತ ಕುವೈತ್‌ನ 2010ರ 6ನೇ ನಂಬರ್ ಕಾರ್ಮಿಕ ಕಾನೂನು ಹೇಳುತ್ತದೆ. ತಡವಾಗೋದೇ ಆದರೆ, ಇಂಥ ದಿನ ಬರುತ್ತದೆ ಅಂತ ಮೊದಲೇ ಹೇಳಲಿ. ಹಾಗೆ ಹೇಳೋದಕ್ಕೆ ಒಂದು ಫಿಲ್ಸ್ ಖರ್ಚಿಲ್ಲ.

ಎರಡನೆಯದು ರಜೆ. ಅದೇ ಕಾನೂನು ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ ಕೊಡುತ್ತದೆ. ನಮಗೆ ಸಿಗುವ ಉತ್ತರ ಮಾತ್ರ "ನೋಡೋಣ". 2025ರ ಜುಲೈ 1ರಿಂದ 18ನೇ ಆರ್ಟಿಕಲ್ ವೀಸಾದವರು ದೇಶ ಬಿಟ್ಟು ಹೋಗೋದಕ್ಕೆ ಕಂಪನಿ ಒಪ್ಪಿದ ಎಕ್ಸಿಟ್ ಪರ್ಮಿಟ್ ಕೂಡ ಬೇಕು. ಊರಲ್ಲಿ ಅಪ್ಪನಿಗೆ ಸೀರಿಯಸ್ ಅಂತ ಫೋನ್ ಬಂದಾಗ ಯಾರನ್ನು ಕೇಳಬೇಕು, ಎಷ್ಟು ಹೊತ್ತಿನಲ್ಲಿ ಒಪ್ಪಿಗೆ ಸಿಗುತ್ತೆ ಅನ್ನೋದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಕಡಿಮೆ.

ಮೂರನೆಯದು ಇಂಡೆಮ್ನಿಟಿ. 120 ದಿನಾರ್ ಸಂಬಳದವನನ್ನು 5 ವರ್ಷ ಮುಗಿದಾಗ ಕಂಪನಿಯೇ ಕೆಲಸದಿಂದ ಬಿಡಿಸಿದರೆ ಲೆಕ್ಕ ಹೀಗೆ: 120ನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ 75 ದಿನಕ್ಕೆ ಗುಣಿಸಿದರೆ 346 ದಿನಾರ್ 154 ಫಿಲ್ಸ್. 5 ವರ್ಷದ ಮೇಲೆ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ತಾನಾಗಿ ರಾಜೀನಾಮೆ ಕೊಟ್ಟವರ ಲೆಕ್ಕ ಬೇರೆ. ವರ್ಷಕ್ಕೊಮ್ಮೆ ಈ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಕೊಡೋಕೆ ಅಕೌಂಟ್ಸ್‌ನವರಿಗೆ ಐದು ನಿಮಿಷ ಸಾಕು.

ಇನ್ನು ಮಲಗುವ ಜಾಗ. ನಮ್ಮ ಪಕ್ಕದ ಮಂಗಾಫ್‌ನಲ್ಲಿ 2024ರ ಜೂನ್ 12ರ ಬೆಳಗಿನ ಜಾವ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಜನ ತೀರಿಕೊಂಡರು. ಹೆಚ್ಚಿನವರು ಭಾರತದವರು, ಅವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ಬಾಗಿಲು ತೆರೆಯುತ್ತದಾ, ಮೆಟ್ಟಿಲಲ್ಲಿ ಸಾಮಾನು ತುಂಬಿದೆಯಾ ಅಂತ ಯೋಚಿಸ್ತಾ ಮಲಗುವವನಿಗೆ ಯೋಗ ಕ್ಲಾಸ್ ಬೇಡ. ಮೆಟ್ಟಿಲು ಖಾಲಿ ಮಾಡಿಸಿ, ರೂಮಿನಲ್ಲಿ ಜನ ಕಡಿಮೆ ಮಾಡಿ.

ಕೊನೆಯದಾಗಿ ಫೋರ್‌ಮನ್. ಕೆಲಸದವನಿಗೆ ಕಂಪನಿ ಅಂದರೆ ಅವನೇ. ಮೇಲ್ವಿಚಾರಕರಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಊಟ ಬಿಟ್ಟವನು, ಊರಿಗೆ ಫೋನ್ ಮಾಡೋದು ನಿಲ್ಲಿಸಿದವನು, ಯಾರ ಜೊತೆಗೂ ಸೇರದವನು ಯಾರು ಅಂತ ಮೊದಲು ಕಾಣೋದು ಫೋರ್‌ಮನ್‌ಗೇ. ಎಲ್ಲರ ಮುಂದೆ ಬೈಯೋದು ಬಿಟ್ಟು, ಪಕ್ಕಕ್ಕೆ ಕರೆದು "ಏನಪ್ಪಾ, ಮನೆಯಲ್ಲಿ ಎಲ್ಲ ಸರಿಯಿದೆಯಾ?" ಅಂತ ಕೇಳಲಿ. ಡಾಕ್ಟರ್ ಹತ್ತಿರ ಹೋಗಬೇಕು ಅಂದರೆ "ತಲೆ ಕೆಟ್ಟಿದೆಯಾ" ಅನ್ನದೆ ಕಳಿಸಲಿ. ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ವರ್ಷದಲ್ಲಿ ಮೊದಲ 15 ದಿನದ ಸಿಕ್ ಲೀವ್‌ಗೆ ಪೂರ್ತಿ ಸಂಬಳವಿದೆ. ಜ್ವರದ ಸರ್ಟಿಫಿಕೇಟಿಗೆ ಇರುವ ಬೆಲೆ ಮನಸ್ಸಿನ ಕಾಯಿಲೆಯ ಸರ್ಟಿಫಿಕೇಟಿಗೂ ಇರಲಿ.

ಇದೆಲ್ಲ ದಾನಧರ್ಮ ಅಂತ ಮಾಲೀಕರು ತಿಳಿಯಬಾರದು. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಲಿತ ಕೆಲಸಗಾರ ಬಿಟ್ಟು ಹೋದರೆ ವೀಸಾ, ಟಿಕೆಟ್, ಮೆಡಿಕಲ್, ಹೊಸಬನಿಗೆ ಕೆಲಸ ಕಲಿಸೋದು ಎಲ್ಲ ಖರ್ಚೇ. ನಮ್ಮವರಲ್ಲೂ ಹೋಟೆಲ್, ಗ್ಯಾರೇಜ್ ನಡೆಸುವವರು, ಫೋರ್‌ಮನ್‌ಗಳು, ನನ್ನ ಹಾಗೆ ಅಕೌಂಟ್ಸ್‌ನಲ್ಲಿ ಕೂತವರು ಇದ್ದೇವೆ. ದೊಡ್ಡ ಕಂಪನಿ ಮಾಡಲಿ ಅಂತ ಕಾಯದೆ ನಮ್ಮ ಕೈಕೆಳಗಿನ ಇಬ್ಬರು ಮೂವರಿಗೆ ಈ ತಿಂಗಳೇ ಶುರು ಮಾಡಬಹುದು.

ಒಂದು ಮಾತು: ಮೇಲಿನ ಲೆಕ್ಕವೆಲ್ಲ ಖಾಸಗಿ ಕಂಪನಿ ನೌಕರರಿಗೆ. ಮನೆಗೆಲಸದವರಿಗೆ, ಮನೆ ಡ್ರೈವರ್‌ಗಳಿಗೆ 2015ರ 68ನೇ ನಂಬರ್ ಕಾನೂನು ಬೇರೆ ಇದೆ. ವಾರಕ್ಕೊಂದು ರಜೆ ಅವರಿಗೂ ಹಕ್ಕು.

ರೂಮಿನಲ್ಲಿ ಯಾರಾದರೂ "ಇನ್ನು ಬದುಕೋದು ಬೇಡ" ಅಂದರೆ ತಮಾಷೆ ಅಂದುಕೊಳ್ಳಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, 112ಕ್ಕೆ ಫೋನ್ ಮಾಡಿ. ಊರಲ್ಲಿರುವ ಮನೆಯವರಿಗೂ ಭಾರ ಹೆಚ್ಚಾದರೆ ಅಲ್ಲಿಂದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲಿ. ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡ್ತಾರೆ. ಈ ಎರಡು ನಂಬರ್ ರೂಮಿನ ಬಾಗಿಲ ಹಿಂದೆ ಬರೆದು ಅಂಟಿಸಿಡಿ.